ಸರ್ಕಾರ ಕೈಬಿಟ್ಟ ಮೇಲೆ ಅಮೆರಿಕದ ಟ್ರಕ್ ಡ್ರೈವರ್‌ಗಳ ಗತಿ ಏನಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

1980ರ ಜುಲೈ 1ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮೋಟಾರ್ ಕ್ಯಾರಿಯರ್ ಆಕ್ಟ್ ಎಂಬ ಕಾನೂನಿಗೆ ಸಹಿ ಹಾಕಿದರು. ಟ್ರಕ್ ಸಾಗಣೆಯ ಮೇಲೆ 45 ವರ್ಷ ಇದ್ದ ಸರ್ಕಾರಿ ಹಿಡಿತ ಅಲ್ಲಿಂದ ಸಡಿಲವಾಯಿತು. ಇದರಿಂದ ಸಾಗಣೆ ದರ ಇಳಿಯಿತು ಅನ್ನುವುದು ಎಲ್ಲರಿಗೂ ಗೊತ್ತು. ಆ ಉಳಿತಾಯ ಯಾರ ಜೇಬಿನಿಂದ ಬಂತು ಅನ್ನುವುದು ಅಷ್ಟಾಗಿ ಚರ್ಚೆಯಾಗುವುದಿಲ್ಲ. ಈ ವಿಷಯದಲ್ಲಿ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

1980ಕ್ಕೆ ಮುಂಚೆ ಸರ್ಕಾರ ಏನನ್ನು ಹಿಡಿತದಲ್ಲಿ ಇಟ್ಟುಕೊಂಡಿತ್ತು?

ಹೆಚ್ಚು ಕಡಿಮೆ ಎಲ್ಲವನ್ನೂ. 1935ರ ಕಾನೂನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಟ್ರಕ್ ಕಂಪನಿಗಳನ್ನು ಅಂತರರಾಜ್ಯ ವಾಣಿಜ್ಯ ಆಯೋಗದ ಕೈಗೆ ಕೊಟ್ಟಿತು. ಈ ಆಯೋಗ 1887ರಲ್ಲಿ ರೈಲ್ವೆ ಕಂಪನಿಗಳನ್ನು ನೋಡಿಕೊಳ್ಳಲು ಹುಟ್ಟಿದ್ದು. ಹೊಸದಾಗಿ ಟ್ರಕ್ ಕಂಪನಿ ತೆರೆಯಬೇಕು ಅಂದರೆ ಇದರ ಪರ್ಮಿಟ್ ಬೇಕಿತ್ತು. ಅದಕ್ಕೆ ಅರ್ಜಿ ಹಾಕಿದರೆ ಆ ದಾರಿಯಲ್ಲಿ ಈಗಾಗಲೇ ಓಡಿಸುತ್ತಿರುವ ಕಂಪನಿಗಳು ಬಂದು ತಕರಾರು ಮಾಡಬಹುದಿತ್ತು. ಈಗಿರುವ ಸೇವೆ ಸಾಲದು ಅಂತ ಸಾಬೀತು ಮಾಡುವ ಹೊಣೆ ಅರ್ಜಿದಾರನದ್ದೇ. 1935ರಲ್ಲಿ ಆಗಲೇ ದಂಧೆಯಲ್ಲಿದ್ದವರಿಗೆ ಮಾತ್ರ ಪರ್ಮಿಟ್ ಸುಮ್ನೆ ಸಿಕ್ಕಿಬಿಟ್ಟಿತು.

ಪರ್ಮಿಟ್‌ನಲ್ಲಿ ಯಾವ ಸರಕು, ಯಾವ ದಾರಿ ಅಂತಲೂ ಬರೆದಿರುತ್ತಿತ್ತು. ಹೋಗುವಾಗ ಲೋಡ್ ತೆಗೆದುಕೊಂಡು ಹೋದವರು ಎಷ್ಟೋ ಸಲ ವಾಪಸ್ ಖಾಲಿ ಬರಬೇಕಾಗುತ್ತಿತ್ತು. ರಿಟರ್ನ್ ಲೋಡ್ ಎದುರಿಗೇ ಇದ್ದರೂ ಅದನ್ನು ಹಾಕಿಕೊಳ್ಳಲು ಪರ್ಮಿಟ್ ಇರುತ್ತಿರಲಿಲ್ಲ. ದರವನ್ನು ಕಂಪನಿಗಳೇ ಒಟ್ಟಿಗೆ ಕೂತು ನಿಗದಿ ಮಾಡುತ್ತಿದ್ದವು. ಬೇರೆ ಉದ್ಯಮದಲ್ಲಿ ಹೀಗೆ ಮಾಡಿದರೆ ಕೇಸು ಬೀಳುತ್ತದೆ. ಟ್ರಕ್ ಕಂಪನಿಗಳಿಗೆ 1948ರ ಒಂದು ಕಾನೂನು ಅದರಿಂದ ವಿನಾಯಿತಿ ಕೊಟ್ಟಿತ್ತು.

ಕೃಷಿ ಉತ್ಪನ್ನ ಮಾತ್ರ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾದರೆ ಕೊಯ್ದು, ಪುಕ್ಕ ತೆಗೆದು, ಐಸ್‌ನಲ್ಲಿ ಇಟ್ಟ ಕೋಳಿ ಕೃಷಿ ಉತ್ಪನ್ನವೋ ಅಲ್ಲವೋ? ನಗಬೇಡಿ, ಈ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೋಳಿ ಕೊಯ್ದ ಮೇಲೂ ಕೃಷಿ ಉತ್ಪನ್ನವೇ ಅಂತ 1956ರಲ್ಲಿ ತೀರ್ಪು ಬಂತು. ಆ ಸುಮಾರಿಗೆ ನಿಯಂತ್ರಣದಿಂದ ಹೊರಬಂದ ಕೋಳಿ ಮಾಂಸದ ಸಾಗಣೆ ದರ ಮೂರನೇ ಒಂದು ಭಾಗದಷ್ಟು ಇಳಿಯಿತು. ನಿಯಂತ್ರಣ ತೆಗೆಯಬೇಕು ಅನ್ನುವವರಿಗೆ ಮುಂದೆ ಇದೇ ದೊಡ್ಡ ಸಾಕ್ಷಿಯಾಯಿತು.

ಆ ಪದ್ಧತಿಯಿಂದ ಡ್ರೈವರ್‌ಗಳಿಗೆ ಏನು ಲಾಭ ಇತ್ತು?

ಪೈಪೋಟಿ ಇಲ್ಲದ ಕಡೆ ಸಂಬಳ ಹೆಚ್ಚಿಸಿದರೆ ಮಾಲೀಕನಿಗೆ ನಷ್ಟ ಇಲ್ಲ. ಎಲ್ಲ ಕಂಪನಿಗಳೂ ಒಂದೇ ಸಂಬಳ ಕೊಡುತ್ತವೆ, ಎಲ್ಲವೂ ಒಟ್ಟಿಗೆ ದರ ಏರಿಸುತ್ತವೆ, ಸರಕು ಕಳಿಸುವವನು ಬೇರೆ ದಾರಿಯಿಲ್ಲದೆ ಕೊಡುತ್ತಾನೆ. ಟ್ರಕ್ ಡ್ರೈವರ್‌ಗಳ ದೊಡ್ಡ ಯೂನಿಯನ್ ಟೀಮ್‌ಸ್ಟರ್ಸ್ ಇದನ್ನು ಚೆನ್ನಾಗಿ ಬಳಸಿಕೊಂಡಿತು. ಅದರ ಅಧ್ಯಕ್ಷ ಜಿಮ್ಮಿ ಹಾಫಾ 1964ರಲ್ಲಿ ಇಡೀ ದೇಶಕ್ಕೆ ಒಂದೇ ಸಂಬಳದ ಒಪ್ಪಂದ ಮಾಡಿಸಿದರು. 4 ಲಕ್ಷಕ್ಕೂ ಹೆಚ್ಚು ಕೆಲಸಗಾರರು ಅದರ ಕೆಳಗೆ ಬಂದರು. ಒಳ್ಳೆ ಸಂಬಳ, ಪಿಂಚಣಿ, ಆಸ್ಪತ್ರೆ ಖರ್ಚು, ರಜೆ ಎಲ್ಲ ಇತ್ತು. ಕಾಲೇಜು ಮೆಟ್ಟಿಲು ಹತ್ತದವರು ಮನೆ ಕಟ್ಟಿಸಿ ಮಕ್ಕಳನ್ನು ಓದಿಸಿದರು.

ಆದರೆ ಈ ಸುಖ ಎಲ್ಲರಿಗೂ ಇರಲಿಲ್ಲ. ತರಕಾರಿ, ಹಣ್ಣು ಸಾಗಿಸುವ ಸ್ವಂತ ಟ್ರಕ್‌ನವರು ಈ ವ್ಯವಸ್ಥೆಯ ಹೊರಗೇ ಇದ್ದರು. ಕರಿಯರಂತೂ ಇನ್ನೂ ಹೊರಗೆ. ಟಿ.ಐ.ಎಂ.ಇ.-ಡಿ.ಸಿ. ಎಂಬ ಕಂಪನಿಯ ಮೇಲಿನ ಕೇಸಿನಲ್ಲಿ 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1971ರಲ್ಲಿ ಆ ಕಂಪನಿಯಲ್ಲಿ ದೂರದ ದಾರಿಗೆ ಹೋಗುವ ಡ್ರೈವರ್‌ಗಳು 1,828 ಜನ. ಅವರಲ್ಲಿ ಕರಿಯರು ಎಷ್ಟು ಗೊತ್ತಾ? 8. ಆ ಎಂಟು ಜನರನ್ನೂ ಸೇರಿಸಿಕೊಂಡಿದ್ದು ಕೇಸು ಶುರುವಾದ ಮೇಲೆ. ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವರು ಈ ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳಬೇಕು.

ಈ ನಿಯಂತ್ರಣ ತೆಗೆದಿದ್ದು ಕಾರ್ಟರ್ ನಂತರದ ಅಧ್ಯಕ್ಷ ರೇಗನ್ ಅಲ್ವಾ?

ಅಲ್ಲ. ಎಷ್ಟೋ ಜನ ಹಾಗೆ ಅಂದುಕೊಂಡಿದ್ದಾರೆ. ಕೆಲಸ ಮಾಡಿದ್ದು ಡೆಮಾಕ್ರಟಿಕ್ ಪಕ್ಷದ ಕಾರ್ಟರ್, ಮುಂದೆ ನಿಂತು ತಳ್ಳಿದ್ದು ಅದೇ ಪಕ್ಷದ ಸೆನೆಟರ್ ಎಡ್ವರ್ಡ್ ಕೆನಡಿ. ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ ಕೂಡ ಬೆಂಬಲಿಸಿದ್ದರು. ಆಗ ಬೆಲೆ ಏರಿಕೆ ವಿಪರೀತ ಇತ್ತು. 1978ರಲ್ಲಿ ವಿಮಾನ ಕಂಪನಿಗಳ ನಿಯಂತ್ರಣ ತೆಗೆದಿದ್ದರು. 1980ರಲ್ಲಿ ಟ್ರಕ್‌ನ ಸರದಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ರೈಲು.

ವಿರೋಧಿಸಿದ್ದು ಯಾರು? ದೊಡ್ಡ ಟ್ರಕ್ ಕಂಪನಿಗಳ ಸಂಘ ಮತ್ತು ಟೀಮ್‌ಸ್ಟರ್ಸ್, ಇಬ್ಬರೂ ಒಂದೇ ಕಡೆ. ಯೂನಿಯನ್‌ನ ರಾಯ್ ವಿಲಿಯಮ್ಸ್ ಈ ಮಸೂದೆಗೆ ಸಂಬಂಧಿಸಿ ಸೆನೆಟರ್ ಹೋವರ್ಡ್ ಕ್ಯಾನನ್ ಅವರಿಗೆ ಲಂಚ ಕೊಡಲು ಸಂಚು ಮಾಡಿದರು ಅಂತ 1982ರಲ್ಲಿ ಶಿಕ್ಷೆಗೆ ಗುರಿಯಾದರು. ಕ್ಯಾನನ್ ಮೇಲೆ ಆರೋಪ ಹೊರಿಸಲಿಲ್ಲ. ಕಾರ್ಟರ್ ಮೇಲಿನ ಸಿಟ್ಟಿಗೆ ಯೂನಿಯನ್ 1980ರ ಚುನಾವಣೆಯಲ್ಲಿ ರೇಗನ್‌ಗೆ ಬೆಂಬಲ ಕೊಟ್ಟಿತು. ಅದರಿಂದ ದೊಡ್ಡದಾಗಿ ಏನೂ ಸಿಗಲಿಲ್ಲ.

ಕಾನೂನು ಬಂದ ಮೇಲೆ ಏನು ಬದಲಾಯಿತು?

ಪರ್ಮಿಟ್ ಸಿಗುವುದು ಸುಲಭವಾಯಿತು. ತಡೆಯಬೇಕು ಅನ್ನುವವನೇ ಈಗ ಕಾರಣ ತೋರಿಸಬೇಕಿತ್ತು. ದಾರಿ, ಸರಕಿನ ಕಟ್ಟುಪಾಡು ಸಡಿಲವಾಯಿತು, ದರವನ್ನು ಕಂಪನಿಗಳು ಸ್ವಂತವಾಗಿ ಇಳಿಸಬಹುದಾಯಿತು. 1995ರ ಜನವರಿಯಿಂದ ರಾಜ್ಯಗಳ ಒಳಗಿನ ದರ ನಿಯಂತ್ರಣವೂ ಹೋಯಿತು. ಅದೇ ವರ್ಷದ ಕೊನೆಗೆ ಆಯೋಗವನ್ನೇ ಮುಚ್ಚಿದರು.

ಹಳೇ ಪರ್ಮಿಟ್‌ಗಳಿಗೆ ಮಾರುಕಟ್ಟೆಯಲ್ಲಿ ಭಾರಿ ಬೆಲೆ ಇತ್ತು. ಕಂಪನಿಗಳು ಅವನ್ನು ಆಸ್ತಿ ಅಂತ ಲೆಕ್ಕದ ಪುಸ್ತಕದಲ್ಲಿ ತೋರಿಸಿಕೊಂಡಿದ್ದವು, ಬ್ಯಾಂಕಿನಿಂದ ಸಾಲವನ್ನೂ ಎತ್ತಿದ್ದವು. ಸುಲಭವಾಗಿ ಸಿಗುವ ಪರ್ಮಿಟ್‌ಗೆ ಯಾರು ದುಡ್ಡು ಕೊಡುತ್ತಾರೆ? 1980ರ ಕೊನೆಯಲ್ಲಿ ಆ ಮೊತ್ತವನ್ನೆಲ್ಲ ಪುಸ್ತಕದಿಂದ ಹೊಡೆದುಹಾಕಬೇಕು ಅಂತ ಲೆಕ್ಕಪತ್ರ ನಿಯಮವೇ ಬಂತು.

ಕಂಪನಿಗಳು ಮುಳುಗಿದವಾ, ಹೆಚ್ಚಿದವಾ?

ಎರಡೂ ಆಯಿತು. ಪರ್ಮಿಟ್ ಇದ್ದ ಕಂಪನಿಗಳು 1980ರಲ್ಲಿ ಸುಮಾರು 18 ಸಾವಿರ ಇದ್ದವು, 1990ರ ಹೊತ್ತಿಗೆ 40 ಸಾವಿರ ದಾಟಿದವು. ಇನ್ನೊಂದು ಕಡೆ ಹಳೇ ಯೂನಿಯನ್ ಕಂಪನಿಗಳು ಸಾಲು ಸಾಲಾಗಿ ಬಾಗಿಲು ಹಾಕಿದವು.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಟ್ರಕ್ ಸಾಗಣೆಯಲ್ಲಿ ಎರಡು ಬಗೆ. ಒಬ್ಬನದೇ ಸರಕನ್ನು ಇಡೀ ಟ್ರಕ್ ತುಂಬಿಸಿ ನೇರವಾಗಿ ಮುಟ್ಟಿಸುವುದು ಒಂದು. ಹತ್ತಾರು ಗಿರಾಕಿಗಳ ಸಣ್ಣ ಸಣ್ಣ ಪಾರ್ಸೆಲ್ ಸೇರಿಸಿ, ಗೋಡೌನ್‌ನಲ್ಲಿ ಬೇರ್ಪಡಿಸಿ ಕಳಿಸುವುದು ಇನ್ನೊಂದು. ಎರಡನೆಯದಕ್ಕೆ ಊರೂರಿಗೆ ಗೋಡೌನ್ ಬೇಕು, ಬಂಡವಾಳ ಬೇಕು, ಹೊಸಬರು ನುಗ್ಗುವುದು ಕಷ್ಟ. ಮೊದಲನೆಯದಕ್ಕೆ ಒಂದು ಟ್ರಕ್, ಒಂದು ಫೋನ್ ಸಾಕು. ಏಟು ಜಾಸ್ತಿ ಬಿದ್ದಿದ್ದು ಅಲ್ಲೇ. ಫುಲ್ ಲೋಡ್ ದಂಧೆಯಲ್ಲಿ ಯೂನಿಯನ್ ಕೆಲವೇ ವರ್ಷದಲ್ಲಿ ಹೆಚ್ಚು ಕಡಿಮೆ ಮಾಯವಾಯಿತು.

ಪಾರ್ಸೆಲ್ ಕಡೆಯವರು ನಿಧಾನವಾಗಿ ಸೋತರು. ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ 2002ರ ಸೆಪ್ಟೆಂಬರ್‌ನಲ್ಲಿ ಕಾರ್ಮಿಕರ ದಿನದ ರಜೆಯಲ್ಲೇ 15 ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು. ಸುಮಾರು ನೂರು ವರ್ಷದ ಯೆಲ್ಲೊ ಕಂಪನಿ 2023ರ ಜುಲೈ ಕೊನೆಯಲ್ಲಿ ನಿಂತುಹೋಯಿತು. ಅಲ್ಲಿ ಕೆಲಸ ಹೋದದ್ದು 30 ಸಾವಿರ ಜನಕ್ಕೆ, ಅವರಲ್ಲಿ 22 ಸಾವಿರ ಜನ ಟೀಮ್‌ಸ್ಟರ್ಸ್ ಸದಸ್ಯರು. ಅತಿಯಾದ ಸಾಲ, ಕಂಪನಿ ಮೇಲೆ ಕಂಪನಿ ಕೊಂಡಿದ್ದು, ಆಡಳಿತದ ಎಡವಟ್ಟು ಎಲ್ಲ ಸೇರಿ ಯೆಲ್ಲೊ ಮುಳುಗಿತು. ಎಲ್ಲವನ್ನೂ 1980ರ ತಲೆಗೆ ಕಟ್ಟುವುದು ಸರಿಯಲ್ಲ.

ಸಂಬಳ ನಿಜವಾಗಿ ಎಷ್ಟು ಇಳಿಯಿತು?

ಬೆಲೆ ಏರಿಕೆ ಕಳೆದು ನೋಡಿದರೆ, 1970ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ಸುಮಾರು ಕಾಲು ಭಾಗ. ಆರ್ಥಿಕ ತಜ್ಞೆ ನ್ಯಾನ್ಸಿ ರೋಸ್ 1987ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೊಂದು ಕಡೆಯಿಂದ ನೋಡುತ್ತದೆ. ನಿಯಂತ್ರಣ ಇದ್ದಾಗ ಯೂನಿಯನ್ ಡ್ರೈವರ್ ಯೂನಿಯನ್ ಇಲ್ಲದವನಿಗಿಂತ ಸುಮಾರು 50% ಜಾಸ್ತಿ ದುಡಿಯುತ್ತಿದ್ದ. ಆಮೇಲೆ ಅದು 30%ಕ್ಕಿಂತ ಕೆಳಗೆ ಬಂತು. 1982ರ ಒಪ್ಪಂದದಲ್ಲಿ ಟೀಮ್‌ಸ್ಟರ್ಸ್ ಸಂಬಳ ಏರಿಕೆಯನ್ನೇ ಬಿಟ್ಟುಕೊಟ್ಟಿತು. ಆಗ ಆರ್ಥಿಕ ಹಿಂಜರಿತವೂ ಇತ್ತು ಅನ್ನುವುದನ್ನು ಮರೆಯಬಾರದು.

2024ರಲ್ಲಿ ಭಾರಿ ಟ್ರಕ್ ಓಡಿಸುವವರ ನಡುಮಟ್ಟದ ವಾರ್ಷಿಕ ಸಂಬಳ 57,440 ಡಾಲರ್. ರೂಪಾಯಿಗೆ ತಿರುಗಿಸಿ ಬೆರಗಾಗಬೇಡಿ. ಅಲ್ಲಿನ ಖರ್ಚು ಅಲ್ಲಿನದು. ಜೊತೆಗೆ ಈ ಸಂಬಳ ವಾರಕ್ಕೆ 40 ಗಂಟೆಯ ದುಡಿಮೆಯದಲ್ಲ. 60, 70 ಗಂಟೆ ಮಾಮೂಲು, ಎರಡು ಮೂರು ವಾರ ಮನೆ ಮುಖ ನೋಡದೆ ಇರುವುದೂ ಮಾಮೂಲು.

ಮೈಲಿ ಲೆಕ್ಕದ ಸಂಬಳ ಅಂದರೆ ಏನು? ಅದರಲ್ಲಿ ತೊಂದರೆ ಏನು?

ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದೇ. ಫುಲ್ ಲೋಡ್ ಕಂಪನಿಯ ಡ್ರೈವರ್‌ಗೆ ಗಂಟೆಗೆ ಇಷ್ಟು ಅಂತ ಇಲ್ಲ, ಮೈಲಿಗೆ ಇಷ್ಟು. ಚಕ್ರ ತಿರುಗಿದರೆ ದುಡ್ಡು. ಲೋಡ್ ಮಾಡಲು ಸಾಲಲ್ಲಿ ನಿಂತರೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ, ಟ್ರಕ್ ಕೆಟ್ಟು ನಿಂತರೆ ಹೆಚ್ಚಿನ ಸಲ ಏನೂ ಇಲ್ಲ, ಇದ್ದರೂ ಪುಡಿಗಾಸು.

ಒಂದು ಲೆಕ್ಕ ಹಾಕೋಣ. ಮೈಲಿಗೆ 50 ಸೆಂಟ್, 500 ಮೈಲಿಯ ಓಟ. 250 ಡಾಲರ್ ಸಿಗುತ್ತದೆ. ಓಡಿಸಲು 9 ಗಂಟೆ ಬೇಕಾಯಿತು ಅಂದರೆ ಗಂಟೆಗೆ ಸುಮಾರು 28 ಡಾಲರ್, ಪರವಾಗಿಲ್ಲ. ಆದರೆ ಗೋಡೌನ್ ಮುಂದೆ 5 ಗಂಟೆ ಕಾದಿದ್ದರೆ? 14 ಗಂಟೆಗೆ ಅದೇ 250. ಗಂಟೆಗೆ 18 ಡಾಲರ್ ಕೂಡ ಬೀಳಲಿಲ್ಲ.

ಕಾಯುವ ಹೊತ್ತಿಗೆ ಇನ್ನೊಂದು ಏಟೂ ಇದೆ. ನಿಯಮದ ಪ್ರಕಾರ ಡ್ಯೂಟಿ ಶುರುವಾದ 14 ಗಂಟೆಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. 2017ರ ಡಿಸೆಂಬರ್‌ನಿಂದ ಎಲೆಕ್ಟ್ರಾನಿಕ್ ಯಂತ್ರ ಇದನ್ನು ದಾಖಲಿಸುತ್ತದೆ. ಮುಂಚಿನ ಹಾಗೆ ಪುಸ್ತಕದಲ್ಲಿ ಹೊಂದಾಣಿಕೆ ಮಾಡಿ ಬರೆಯಲು ಆಗುವುದಿಲ್ಲ. ಗೋಡೌನ್‌ನವನು ತಡ ಮಾಡಿದಷ್ಟೂ ಡ್ರೈವರ್‌ನ ದಿನ ಸುಟ್ಟುಹೋಗುತ್ತದೆ. ಹೀಗೆ ಕಾಯಿಸುವುದರಿಂದ ಫುಲ್ ಲೋಡ್ ಡ್ರೈವರ್‌ಗಳ ದುಡಿಮೆಯಲ್ಲಿ ವರ್ಷಕ್ಕೆ 110ರಿಂದ 130 ಕೋಟಿ ಡಾಲರ್ ಖೋತಾ ಆಗುತ್ತದೆ ಅಂತ ಅಮೆರಿಕದ ಸಾರಿಗೆ ಇಲಾಖೆಯ ತನಿಖಾ ವಿಭಾಗ 2018ರಲ್ಲಿ ಅಂದಾಜು ಮಾಡಿತು.

ಮೈಲಿ ಲೆಕ್ಕ 1980ಕ್ಕೆ ಮುಂಚೆಯೂ ಇತ್ತು. ಆದರೆ ಯೂನಿಯನ್ ಒಪ್ಪಂದದಲ್ಲಿ ಕಾದ ಹೊತ್ತಿಗೆ, ಲೋಡ್ ಇಳಿಸಿದ ಹೊತ್ತಿಗೆ ಬೇರೆಯಾಗಿ ಗಂಟೆ ಲೆಕ್ಕ ಇರುತ್ತಿತ್ತು. ಕಾಯಿಸಿದರೆ ಕಂಪನಿಗೆ ಖರ್ಚು. ಕಂಪನಿ ಗಿರಾಕಿಯ ಹತ್ತಿರ ಜಗಳ ಆಡುತ್ತಿತ್ತು. ಕಾಯುವುದು ಪುಕ್ಕಟೆಯಾದ ಮೇಲೆ ಜಗಳ ಆಡುವವರೇ ಇಲ್ಲ. ಹೋಟೆಲಿನಲ್ಲಿ ಗಿರಾಕಿ ಬರದ ಹೊತ್ತಿಗೆ ಅಡುಗೆಯವನ ಸಂಬಳ ಹಿಡಿದರೆ ಹೇಗಿರುತ್ತೆ, ಹಾಗೆ.

ಓವರ್‌ಟೈಮ್ ಇಲ್ವಾ ಅಂತ ಕೇಳುತ್ತೀರಿ. ಇಲ್ಲ. ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೊಡಬೇಕು ಅನ್ನುವ 1938ರ ಕಾರ್ಮಿಕ ಕಾನೂನು ಅಂತರರಾಜ್ಯ ಟ್ರಕ್ ಡ್ರೈವರ್‌ಗಳನ್ನು ಹೊರಗಿಟ್ಟಿದೆ. ಯೂನಿಯನ್ ಗಟ್ಟಿ ಇದ್ದಾಗ ಇದು ಅಷ್ಟಾಗಿ ಕಾಡಲಿಲ್ಲ.

ಸ್ವಂತ ಟ್ರಕ್ ಇದ್ದರೆ ಒಳ್ಳೆಯದಲ್ವಾ?

ಸಾಲ ತೀರಿದ ಟ್ರಕ್, ಕೈಯಲ್ಲಿ ಒಳ್ಳೆ ಗಿರಾಕಿ, ಲೆಕ್ಕದಲ್ಲಿ ಚುರುಕು ಇರುವವರು ಚೆನ್ನಾಗಿಯೇ ದುಡಿಯುತ್ತಾರೆ. ಅಂಥವರು ಸಾಕಷ್ಟು ಇದ್ದಾರೆ, ಅವರಲ್ಲಿ ಹಲವರು 1980ರ ಕಾನೂನನ್ನು ಹೊಗಳುತ್ತಾರೆ ಕೂಡ.

ತೊಂದರೆ ಇರುವುದು ಲೀಸ್ ಪದ್ಧತಿಯಲ್ಲಿ. ಕಂಪನಿಯೇ ಡ್ರೈವರ್‌ಗೆ ಕಂತಿನ ಮೇಲೆ ಟ್ರಕ್ ಕೊಡುತ್ತದೆ, ಲೋಡ್ ಕೂಡ ಅದೇ ಕೊಡುತ್ತದೆ. ‘ಇನ್ನು ನೀನೇ ಮಾಲೀಕ’ ಅನ್ನುತ್ತದೆ. ಪ್ರತಿ ವಾರ ಕಂತು, ವಿಮೆ, ಡೀಸೆಲ್, ರಿಪೇರಿ ಎಲ್ಲ ಹಿಡಿದು ಉಳಿದದ್ದು ಕೈಗೆ. ಲೋಡ್ ಕಡಿಮೆ ಬಂದ ವಾರ ಡ್ರೈವರೇ ಕಂಪನಿಗೆ ಬಾಕಿ. ನಡುವೆ ಬಿಟ್ಟರೆ ಟ್ರಕ್ಕೂ ಹೋಯಿತು, ಕಟ್ಟಿದ ಕಂತೂ ಹೋಯಿತು. ಡೀಸೆಲ್ ಬೆಲೆ ಏರಿದರೆ, ವ್ಯಾಪಾರ ಬಿದ್ದರೆ ಆಗುವ ನಷ್ಟ ಮುಂಚೆ ಕಂಪನಿಯದು, ಈಗ ಸ್ಟೀರಿಂಗ್ ಹಿಡಿದವನದು. 2025ರ ಜನವರಿಯಲ್ಲಿ ಸರ್ಕಾರವೇ ನೇಮಿಸಿದ್ದ ಕಾರ್ಯಪಡೆ ಈ ಪದ್ಧತಿಯನ್ನು ನಿಷೇಧಿಸಿ ಅಂತ ಸಂಸತ್ತಿಗೆ ಶಿಫಾರಸು ಮಾಡಿತು.

ಕೋರ್ಟಿಗೆ ಹೋಗುವ ದಾರಿಯನ್ನೂ ಒಪ್ಪಂದದಲ್ಲೇ ಮುಚ್ಚಿರುತ್ತಾರೆ, ತಕರಾರು ಇದ್ದರೆ ಖಾಸಗಿ ಪಂಚಾಯಿತಿಗೆ ಬರಬೇಕು ಅಂತ. ನ್ಯೂ ಪ್ರೈಮ್ ಕಂಪನಿಯ ಕೇಸಿನಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ 8-0 ಮತದಿಂದ ಡ್ರೈವರ್ ಪರ ನಿಂತಿತು. ಗುತ್ತಿಗೆದಾರ ಅಂತ ಕರೆಸಿಕೊಂಡ ಡ್ರೈವರ್‌ನನ್ನೂ ಪಂಚಾಯಿತಿಗೆ ಬಲವಂತ ಮಾಡಲು ಇಂಥ ಪಂಚಾಯಿತಿಗೆ ಸಂಬಂಧಿಸಿದ ಕೇಂದ್ರ ಕಾನೂನಿನಲ್ಲಿ ಜಾಗ ಇಲ್ಲ ಅಂದಿತು.

ಬಂದರಿನ ಡ್ರೈವರ್‌ಗಳ ಸುದ್ದಿ ಜಾಸ್ತಿ ಕೇಳುತ್ತೇವೆ, ಯಾಕೆ?

ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಏಟು ಕಣ್ಣಿಗೆ ಕಾಣುವಂತಿದೆ. 1980ಕ್ಕೆ ಮುಂಚೆ ಕಂಟೇನರ್ ಎಳೆಯುವವರು ಬಹುತೇಕ ಯೂನಿಯನ್ ನೌಕರರು. ಕೆಲವೇ ವರ್ಷದಲ್ಲಿ ಆ ಕೆಲಸ ಟ್ರಿಪ್ ಲೆಕ್ಕದ ಗುತ್ತಿಗೆದಾರರ ಕೈಗೆ ಹೋಯಿತು, ಹೆಚ್ಚಿನವರು ಲ್ಯಾಟಿನ್ ಅಮೆರಿಕದಿಂದ ಬಂದ ವಲಸಿಗರು. ಗೇಟಿನ ಮುಂದಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು ಅವರ ಲೆಕ್ಕಕ್ಕೆ. 2008ರಲ್ಲಿ ಹೊಗೆ ಕಡಿಮೆ ಮಾಡಲು ಬಂದರುಗಳು ಹಳೇ ಟ್ರಕ್‌ಗಳಿಗೆ ನಿಷೇಧ ಹೇರತೊಡಗಿದವು. ಗಾಳಿ ಶುದ್ಧವಾಯಿತು, ನಿಜ. ಹೊಸ ಟ್ರಕ್‌ನ ಸಾಲ ಮಾತ್ರ ಎಷ್ಟೋ ಕಡೆ ಡ್ರೈವರ್ ಹೆಗಲಿಗೆ ಬಿತ್ತು. ಗುತ್ತಿಗೆದಾರ ಅಂತ ಸುಮ್ನೆ ಹೆಸರಿಟ್ಟರೆ ಸಾಲದು, ಸಾಬೀತು ಮಾಡಿ ಅನ್ನುವ ಕ್ಯಾಲಿಫೋರ್ನಿಯಾದ 2019ರ ಕಾನೂನು ಕೇಸುಗಳನ್ನೆಲ್ಲ ದಾಟಿ ಟ್ರಕ್‌ಗಳಿಗೆ ಅನ್ವಯ ಆಗಿದ್ದು 2022ರಲ್ಲಿ.

ಪಿಂಚಣಿ ಏನಾಯಿತು?

ಟೀಮ್‌ಸ್ಟರ್ಸ್‌ನ ಸೆಂಟ್ರಲ್ ಸ್ಟೇಟ್ಸ್ ನಿಧಿಗೆ ಸಾವಿರಾರು ಕಂಪನಿಗಳು ಒಟ್ಟಿಗೆ ದುಡ್ಡು ಕಟ್ಟುತ್ತಿದ್ದವು. ಒಂದೊಂದೇ ಮುಚ್ಚಿದಂತೆ ಕಟ್ಟುವವರು ಕಮ್ಮಿ, ಪಡೆಯುವವರು ಜಾಸ್ತಿ ಆದರು. ಈ ನಿಧಿಯೇನೂ ಹಾಲಿನಷ್ಟು ಶುದ್ಧ ಇರಲಿಲ್ಲ. ಒಂದು ಕಾಲದಲ್ಲಿ ಇದರ ಸಾಲದಿಂದಲೇ ಲಾಸ್ ವೇಗಾಸ್‌ನ ಕ್ಯಾಸಿನೊಗಳು ಎದ್ದಿದ್ದವು. ಆದರೂ ಮುಖ್ಯ ಏಟು ಬಿದ್ದಿದ್ದು ಕಂಪನಿಗಳು ಇಲ್ಲವಾದದ್ದರಿಂದ. ನಿವೃತ್ತರ ಪಿಂಚಣಿ ಕತ್ತರಿಸುವ ಯೋಜನೆಯನ್ನು 2016ರಲ್ಲಿ ಸರ್ಕಾರ ತಳ್ಳಿಹಾಕಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರ ಸುಮಾರು 3,600 ಕೋಟಿ ಡಾಲರ್ ಕೊಟ್ಟು ಮೂರೂವರೆ ಲಕ್ಷ ಜನರ ಪಿಂಚಣಿ ಉಳಿಸಿತು. 1980ರಲ್ಲಿ ಉಳಿಸಿದ ದುಡ್ಡಿನ ಒಂದು ಬಿಲ್ಲು 42 ವರ್ಷ ಬಿಟ್ಟು ತೆರಿಗೆ ಕಟ್ಟುವವರ ಮನೆಗೆ ಬಂತು ಅಂತ ನಾನು ಇದನ್ನು ಓದುತ್ತೇನೆ.

ಅಪಘಾತ ಹೆಚ್ಚಾಯಿತಾ?

ಖಡಾಖಂಡಿತ ಉತ್ತರ ಇಲ್ಲ. ಓಡಿದ ಮೈಲಿಗೆ ಹೋಲಿಸಿದರೆ ಸಾವಿನ ಪ್ರಮಾಣ ದಶಕಗಳಲ್ಲಿ ಇಳಿದಿದೆ. ವಾಹನ, ರಸ್ತೆ ಸುಧಾರಿಸಿದವು, 1986ರ ಕಾನೂನಿನಿಂದ ದೇಶಕ್ಕೆಲ್ಲ ಒಂದೇ ಮಟ್ಟದ ಲೈಸೆನ್ಸ್ ಬಂತು. ಆದರೆ ಸಂಬಳಕ್ಕೂ ಸುರಕ್ಷತೆಗೂ ನಂಟು ಇರುವುದಕ್ಕೆ ಪುರಾವೆ ಇದೆ. ಜೆ.ಬಿ. ಹಂಟ್ ಎಂಬ ದೊಡ್ಡ ಕಂಪನಿ 1997ರಲ್ಲಿ ಸಂಬಳವನ್ನು ಸರಾಸರಿ ಮೂರನೇ ಒಂದು ಭಾಗ ಏರಿಸಿತು. ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು, ಅಪಘಾತವೂ ಇಳಿಯಿತು. ಮೇಲೆ ಹೇಳಿದ 2018ರ ವರದಿಯೂ ಒಂದು ಮಾತು ಹೇಳುತ್ತದೆ: ಗೋಡೌನ್‌ನಲ್ಲಿ ಸರಾಸರಿ 15 ನಿಮಿಷ ಹೆಚ್ಚು ಕಾಯಿಸಿದರೆ ಅಪಘಾತದ ಪ್ರಮಾಣ 6.2% ಏರುವ ಸಂಭವ ಇದೆ.

ಡ್ರೈವರ್‌ಗಳೇ ಸಿಗುತ್ತಿಲ್ಲ ಅಂತಾರಲ್ಲ?

ಟ್ರಕ್ ಕಂಪನಿ ಮಾಲೀಕರ ಸಂಘ ಇದನ್ನು ವರ್ಷ ವರ್ಷ ಹೇಳುತ್ತದೆ. 2021ರಲ್ಲಿ 80 ಸಾವಿರ ಡ್ರೈವರ್‌ಗಳ ಕೊರತೆ ಅಂದಿತು. ಅದೇ ಸಂಘದ ಲೆಕ್ಕದಲ್ಲಿ ದೊಡ್ಡ ಫುಲ್ ಲೋಡ್ ಕಂಪನಿಗಳಲ್ಲಿ ವರ್ಷಕ್ಕೆ 90%ಕ್ಕೂ ಹೆಚ್ಚು ಡ್ರೈವರ್‌ಗಳು ಬದಲಾದ ವರ್ಷಗಳು ಎಷ್ಟೋ ಇವೆ. ಬರುವವರು ಬರುತ್ತಲೇ ಇದ್ದಾರೆ, ನಿಲ್ಲುತ್ತಿಲ್ಲ. ಸರ್ಕಾರಿ ಕಾರ್ಮಿಕ ಅಂಕಿಅಂಶ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಸಂಬಳ ಏರಿದರೆ ಜನ ಸಿಗುತ್ತಾರೆ, ಈ ಮಾರುಕಟ್ಟೆ ಕೆಟ್ಟು ನಿಂತಿಲ್ಲ ಅಂದಿತು.

ಒಳ್ಳೆ ಸಂಬಳ ಕೊಡುವ ಕಡೆ ನೋಡಿ. ಯೂನಿಯನ್ ಉಳಿದಿರುವ ಪಾರ್ಸೆಲ್ ಕಂಪನಿ ಯುಪಿಎಸ್‌ನಲ್ಲಿ 2023ರ ಒಪ್ಪಂದದ ಕೊನೆಗೆ ಪೂರ್ಣಾವಧಿ ಡೆಲಿವರಿ ಡ್ರೈವರ್‌ನ ಗರಿಷ್ಠ ದರ ಗಂಟೆಗೆ ಸರಾಸರಿ 49 ಡಾಲರ್. ಅಲ್ಲಿ ಕೆಲಸಕ್ಕೆ ಜನ ಕಾಯುತ್ತಾರೆ.

ಹಾಗಾದರೆ ಯಾರಿಗೂ ಒಳ್ಳೆಯದಾಗಲಿಲ್ಲವಾ?

ಆಯಿತು. ಅಂಗಡಿ, ಕಾರ್ಖಾನೆ, ಗ್ರಾಹಕ ಎಲ್ಲರಿಗೂ ಸಾಗಣೆ ಅಗ್ಗವಾಯಿತು. 1980ರ ದಶಕದ ಶುರುವಿನಲ್ಲಿ ಸರಕು ಸಾಗಣೆ ಮತ್ತು ದಾಸ್ತಾನಿನ ಖರ್ಚು ಅಮೆರಿಕದ ಆರ್ಥಿಕತೆಯ ಸುಮಾರು 16% ಇತ್ತು, ಎರಡು ದಶಕದಲ್ಲಿ 10%ರ ಹತ್ತಿರಕ್ಕೆ ಬಂತು. ಕಂಪ್ಯೂಟರ್, ಬಡ್ಡಿ ದರದ ಪಾಲೂ ಅದರಲ್ಲಿದೆ. ಕರಿಯ ಡ್ರೈವರ್‌ಗಳಿಗೆ ದೂರದ ದಾರಿಯ ಕೆಲಸದ ಬಾಗಿಲು ತೆರೆಯಿತು. ಮುಂದೆ ಪಂಜಾಬಿನ ಸಿಖ್ಖರು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಸಂಖ್ಯೆಯಲ್ಲಿ ಈ ದಂಧೆಗೆ ಇಳಿದರು. ಅಮೆರಿಕದ ಹೆದ್ದಾರಿ ಬದಿಯಲ್ಲಿ ಇವತ್ತು ಪಂಜಾಬಿ ಢಾಬಾ ಸಿಗುತ್ತದೆ ಅಂದರೆ ಅದಕ್ಕೆ ಅವರೇ ಕಾರಣ. ಹಳೇ ಪರ್ಮಿಟ್ ಕಾಲದಲ್ಲಿ ಅವರನ್ನು ಒಳಗೆ ಬಿಡುತ್ತಿದ್ದರಾ ಅನ್ನುವುದು ಅನುಮಾನವೇ.

ನಮ್ಮ ಲಾರಿ ಡ್ರೈವರ್‌ಗಳ ಕಥೆಗೂ ಇದಕ್ಕೂ ಹೋಲಿಕೆ ಇದೆಯಾ?

ಸ್ವಲ್ಪ ಇದೆ. ಭಾರತದಲ್ಲೂ 1988ರ ಮೋಟಾರು ವಾಹನ ಕಾಯ್ದೆ ಸರಕು ಲಾರಿಗಳ ಪರ್ಮಿಟ್ ಸಿಗುವುದನ್ನು ಸುಲಭ ಮಾಡಿತು. ಆದರೆ ನಮ್ಮಲ್ಲಿ ಟೀಮ್‌ಸ್ಟರ್ಸ್‌ನಂಥ ಯೂನಿಯನ್ ಮುಂಚೆಯೂ ಇರಲಿಲ್ಲ, ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರೇ ಜಾಸ್ತಿ. ದಿನಕ್ಕೆ 8, ವಾರಕ್ಕೆ 48 ಗಂಟೆ ಅಂತ 1961ರ ಕಾನೂನು ಬರೆದಿತ್ತು. ಹುಬ್ಬಳ್ಳಿಯಿಂದ ದೆಹಲಿಗೆ ಲೋಡ್ ಹೊಡೆಯುವವರನ್ನು ಕೇಳಿದರೆ ನಗುತ್ತಾರೆ. ಕಳೆದುಕೊಳ್ಳಲು ಅಷ್ಟೊಂದು ಇರಲಿಲ್ಲವಾದ್ದರಿಂದ ಬಿದ್ದ ಸದ್ದೂ ಕೇಳಲಿಲ್ಲ.

ಹಳೇ ನಿಯಂತ್ರಣ ವಾಪಸ್ ಬರಬೇಕು ಅಂತ ಯಾರಾದರೂ ಕೇಳುತ್ತಿದ್ದಾರಾ?

ಹೆಚ್ಚು ಕಡಿಮೆ ಯಾರೂ ಇಲ್ಲ. ಕೋಳಿ ಯಾವ ಜಾತಿಯ ಸರಕು ಅಂತ ಮತ್ತೆ ಕೋರ್ಟಿಗೆ ಹೋಗುವುದು ಯಾರಿಗೂ ಬೇಡ. ಈಗ ಕೇಳುತ್ತಿರುವುದು ಸಣ್ಣದು: 1938ರ ಕಾನೂನಿನಲ್ಲಿ ಡ್ರೈವರ್‌ಗಳನ್ನು ಹೊರಗಿಟ್ಟ ಸಾಲನ್ನು ತೆಗೆದುಹಾಕಿ, ಅವರಿಗೂ ಓವರ್‌ಟೈಮ್ ಕೊಡಿ. ಆಗ ಕಾಯಿಸುವುದಕ್ಕೆ ಬೆಲೆ ಬರುತ್ತದೆ, ಗೋಡೌನ್‌ನವರು ತಾವಾಗಿಯೇ ಚುರುಕಾಗುತ್ತಾರೆ ಅನ್ನುವುದು ವಾದ. ನನಗೂ ಇದು ಸರಿ ಅನಿಸುತ್ತದೆ. ಟೀಮ್‌ಸ್ಟರ್ಸ್ ಮತ್ತು ಸ್ವಂತ ಟ್ರಕ್‌ನವರ ಸಂಘ, ಎಷ್ಟೋ ವಿಷಯದಲ್ಲಿ ಒಂದಾಗದ ಇಬ್ಬರೂ, ಇದಕ್ಕೆ ಒಪ್ಪಿದ್ದಾರೆ. 2022ರಲ್ಲಿ ಮಸೂದೆ ಮಂಡನೆಯಾಯಿತು, 2023ರಲ್ಲಿ ಮತ್ತೆ ಮಂಡಿಸಿದರು. ಮಾಲೀಕರ ಸಂಘ ವಿರೋಧಿಸಿತು. ಎರಡು ಸಲವೂ ಅದು ಮತದಾನದವರೆಗೆ ಬರಲಿಲ್ಲ.